ಹೈಸ್ಕೂಲಿನ ಇಂಗ್ಲಿಷ್ ತರಗತಿಗೆ ಯಾವ ಬೋಧನೋಪಕರಣ: ಪಟ್ಟಿಯೇ, ಸ್ಪೀಕರೇ, ಪ್ರೊಜೆಕ್ಟರೇ, ಪುಸ್ತಕವೇ?

ಜೂನ್ ತಿಂಗಳಲ್ಲಿ ದಾಖಲಾತಿಯ ಗದ್ದಲ ಮುಗಿಯುವ ಹೊತ್ತಿಗೆ ಪರಿಚಯದ ಇಂಗ್ಲಿಷ್ ಶಿಕ್ಷಕರಿಂದ ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆ ಬರತೊಡಗುತ್ತದೆ. ಈ ಸಲ ಗೆಳೆಯರೊಬ್ಬರು ಕೇಳಿದ್ದು ಹೀಗೆ: "ಹಳೆಯ ವಿದ್ಯಾರ್ಥಿಗಳು 25,000 ರೂಪಾಯಿ ಕೊಡುತ್ತೇವೆ ಅಂದಿದ್ದಾರೆ ಸರ್. ಪ್ರೊಜೆಕ್ಟರ್ ಕೊಳ್ಳೋಣ ಅಂತ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಪುಸ್ತಕ ಕೊಳ್ಳೋಣ ಅಂತ ನಾನು. ನೀವೇನು ಹೇಳುತ್ತೀರಿ?" ಹಣವೇ ಇಲ್ಲದವರ ಪ್ರಶ್ನೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ರಜೆಯಲ್ಲಿ ಸಿಗುವ ನಾಲ್ಕು ದಿನಗಳಲ್ಲಿ ಚಾರ್ಟ್ ಬರೆಯಬೇಕೋ, ಪದಪಟ್ಟಿ (ಒಂದೊಂದು ಪದ ಬರೆದ ಕಾಗದದ ಪಟ್ಟಿ) ಕತ್ತರಿಸಬೇಕೋ, ಧ್ವನಿಮುದ್ರಣ ಹುಡುಕಬೇಕೋ ಎಂಬುದು ಅವರ ಗೊಂದಲ.

ಇಲ್ಲಿ ನಾನು ಬರೆಯುತ್ತಿರುವುದು ಕನ್ನಡ ಮಾಧ್ಯಮದ ಪ್ರೌಢಶಾಲೆಗಳನ್ನು, ಅಂದರೆ 8ರಿಂದ 10ನೆಯ ತರಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಈ ಮಕ್ಕಳಿಗೆ ಕನ್ನಡ 125 ಅಂಕಗಳ ಪ್ರಥಮ ಭಾಷೆ. ಇಂಗ್ಲಿಷ್ 100 ಅಂಕಗಳ ದ್ವಿತೀಯ ಭಾಷೆ, ಅದರಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಆರಂಭವಾಗಿರುವುದರಿಂದ, ಎಂಟನೆಯ ತರಗತಿಗೆ ಬರುವ ಮಗು ಲೆಕ್ಕಕ್ಕೆ ಏಳು ವರ್ಷ ಇಂಗ್ಲಿಷ್ ಕಲಿತೇ ಬಂದಿರುತ್ತದೆ. ಆದರೆ ಪಾಠದ ಮೊದಲ ವಾಕ್ಯವನ್ನು ಓದು ಎಂದಾಗ ಪಕ್ಕದವನ ಪುಸ್ತಕದಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡ ಉಚ್ಚಾರಣೆಗಾಗಿ ಕಣ್ಣು ಹಾಯಿಸುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಉಪಕರಣವನ್ನು ಆರಿಸುವಾಗ ಮೊದಲು ನೆನಪಿಗೆ ಬರಬೇಕಾದವರು ಅವರು.

ಆರಿಸುವ ಮುನ್ನ ಅಳತೆಗೋಲು

ಅಂಗಡಿಗೆ ಹೋಗುವ ಮೊದಲು ಒಂದು ಪೀರಿಯಡ್‌ ಅನ್ನು ತರಗತಿಯ ಪರೀಕ್ಷೆಗೆ ಮೀಸಲಿಡಬೇಕು. ಐದನೆಯ ತರಗತಿಯ ಪುಸ್ತಕದಿಂದ ಒಂದು ಪ್ಯಾರಾ ಓದಿಸುವುದು, ಐದು ಸರಳ ವಾಕ್ಯಗಳ ಉಕ್ತಲೇಖನ ಕೊಡುವುದು, "ನಿನ್ನೆ ಸಂಜೆ ಏನು ಮಾಡಿದೆ" ಎಂದು ಇಂಗ್ಲಿಷಿನಲ್ಲಿ ಕೇಳಿ ಎರಡು ವಾಕ್ಯ ಹೇಳಿಸುವುದು, ಇಷ್ಟು ಸಾಕು. ವರ್ಷಾರಂಭದಲ್ಲಿ ಹಿಂದಿನ ಕಲಿಕೆಯನ್ನು ನೋಡಿ ನೆನಪಿಸುವ ಸೇತುಬಂಧದ ದಿನಗಳಲ್ಲಿ ಇದನ್ನು ಹೇಗೂ ಮಾಡುತ್ತೇವೆ. ಆದರೆ ಅಂಕಗಳನ್ನು ವಹಿಯಲ್ಲಿ ತುಂಬಿ ಮುಚ್ಚಿಡುತ್ತೇವೆ. ಮಕ್ಕಳು ಎಡವುತ್ತಿರುವುದು ಓದಿನಲ್ಲೋ, ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲೋ, ವಾಕ್ಯ ಕಟ್ಟುವುದರಲ್ಲೋ ಎಂದು ಆ ವಹಿಯಿಂದಲೇ ತಿಳಿದುಕೊಂಡರೆ ಅರ್ಧ ಆಯ್ಕೆ ಅಲ್ಲಿಗೇ ಮುಗಿಯುತ್ತದೆ.

ಉಳಿದರ್ಧಕ್ಕೆ ನಾನು ಬಳಸುವ ಅಳತೆಗಳಲ್ಲಿ ಮೊದಲನೆಯದು ಎಲ್ಲಕ್ಕಿಂತ ಕಟ್ಟುನಿಟ್ಟಾದದ್ದು. 40 ನಿಮಿಷದ ಪೀರಿಯಡ್‌ನಲ್ಲಿ ಆ ಉಪಕರಣ ಎಷ್ಟು ಹೊತ್ತು ಮಕ್ಕಳ ಬಾಯಿ, ಕಿವಿ, ಕೈಗಳಿಗೆ ಕೆಲಸ ಕೊಡುತ್ತದೆ, ಎಷ್ಟು ಹೊತ್ತು ನನ್ನ ಬಾಯಿಗೇ ಕೆಲಸ ಕೊಡುತ್ತದೆ ಎಂಬುದನ್ನು ನೋಡಬೇಕು. 45 ಮಕ್ಕಳನ್ನು ಒಬ್ಬೊಬ್ಬರಾಗಿ ಮಾತನಾಡಿಸಿದರೆ ತಲೆಗೆ ಒಂದು ನಿಮಿಷವೂ ಸಿಗದು. ಆದ್ದರಿಂದ ಜೋಡಿಯಾಗಿ ಇಲ್ಲವೇ ಗುಂಪಾಗಿ ಬಳಸಲು ಬಾರದ ಸಾಧನ ಎಷ್ಟು ಬೆಲೆಬಾಳಿದರೂ ನನ್ನ ಲೆಕ್ಕದಲ್ಲಿ ಅಗ್ಗದ್ದೇ. ಎರಡನೆಯದು, ಒಂದು ಪಾಠಕ್ಕೆ ತಯಾರಾಗಲು ಶಿಕ್ಷಕರಿಗೆ ಹಿಡಿಯುವ ಸಮಯ. ಮೂರನೆಯದು ಹಣ, ಅದರಲ್ಲೂ ಕೊಂಡ ದಿನದ ಹಣಕ್ಕಿಂತ ಕೆಟ್ಟ ದಿನದ ಹಣ. ಇದಕ್ಕೆ ಅಂಟಿಕೊಂಡೇ ಇರುವ ನಾಲ್ಕನೆಯ ಅಳತೆಯನ್ನು ಯಾವ ಕೈಪಿಡಿಯೂ ಬರೆಯುವುದಿಲ್ಲ: ವಸ್ತುವನ್ನಿಟ್ಟ ಕೋಣೆಯ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಮುಖ್ಯ ಶಿಕ್ಷಕರು ಸಭೆಗೆ ಹೋದ ದಿನ ಸಿಗದೆ ಹೋಗುವ ಉಪಕರಣವನ್ನು ನಂಬಿ ಪಾಠಯೋಜನೆ ಬರೆಯಲು ಬರುವುದಿಲ್ಲ.

ಮಧ್ಯದಲ್ಲಿ ಒಂದು ಮಾತು. ಬಿ.ಎಡ್. ಓದಿದ ಎಲ್ಲರ ನೋಟ್ಸ್‌ನಲ್ಲೂ "ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20, ನೋಡಿದ್ದರಲ್ಲಿ ಶೇ. 30 ನೆನಪಿರುತ್ತದೆ" ಎಂಬ ಪಟ್ಟಿ ಇರುತ್ತದೆ, ಅದರ ಪಕ್ಕದಲ್ಲಿ ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ ಕಲಿಕೆಯ ಅನುಭವಗಳನ್ನು ಹಂತಹಂತವಾಗಿ ಜೋಡಿಸಿದ ಅನುಭವ ಶಂಕುವಿನ ಚಿತ್ರವಿರುತ್ತದೆ. ಡೇಲ್ 1946ರಲ್ಲಿ ಕೊಟ್ಟ ಶಂಕುವಿನಲ್ಲಿ ಆ ಶೇಕಡಾವಾರುಗಳು ಇರಲೇ ಇಲ್ಲ. ಅವು ಆಮೇಲೆ ಯಾರೋ ಅಂಟಿಸಿದವು. ಪ್ರೊಜೆಕ್ಟರ್ ಮಾರಲು ಬರುವವರು ಈ ಅಂಕಿಗಳನ್ನೇ ಹಿಡಿದು ಬರುವುದರಿಂದ ಇದು ತಿಳಿದಿರುವುದು ಒಳ್ಳೆಯದು.

ಬೋರ್ಡು ಮತ್ತು ಚಾರ್ಟು

ಬೋರ್ಡಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಅದು ಇದ್ದೇ ಇದೆ, ಕೆಡುವುದಿಲ್ಲ, ಮಕ್ಕಳ ಕೈಗೆ ಸೀಮೆಸುಣ್ಣ ಕೊಟ್ಟರೆ ಅವರದ್ದೂ ಆಗುತ್ತದೆ. ಚಾರ್ಟಿನ ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ. ಮೂರು ಬಣ್ಣದಲ್ಲಿ ಕಾಲಗಳ ಕೋಷ್ಟಕ ಬರೆದು ಜೂನ್‌ನಲ್ಲಿ ತೂಗುಹಾಕಿದ ಚಾರ್ಟು ಆಗಸ್ಟ್ ಹೊತ್ತಿಗೆ ಗೋಡೆಯ ಬಣ್ಣದೊಳಗೆ ಸೇರಿಹೋಗಿರುತ್ತದೆ. ಅಧಿಕಾರಿಗಳು ಬಂದಾಗ ಅವರು ನೋಡುತ್ತಾರೆ, ಮಕ್ಕಳು ನೋಡುವುದಿಲ್ಲ. ಚಾರ್ಟೇ ಬೇಕೆಂದಿದ್ದರೆ ಚಿತ್ರದ ಚಾರ್ಟು ಬೇಕು: ಸಂತೆ, ಬಸ್ ನಿಲ್ದಾಣ, ಭತ್ತದ ನಾಟಿ, ಹೀಗೆ ಹತ್ತಾರು ಜನ ಹತ್ತಾರು ಕೆಲಸ ಮಾಡುತ್ತಿರುವ ಚಿತ್ರ. ಎಸ್‌ಎಸ್‌ಎಲ್‌ಸಿ ಪತ್ರಿಕೆಯಲ್ಲಿ ಚಿತ್ರ ನೋಡಿ ವಿವರಿಸುವ ಪ್ರಶ್ನೆ ಇರುವುದರಿಂದ ಇದು ಪರೀಕ್ಷೆಗೂ ಒದಗುತ್ತದೆ. ತರಗತಿಯಲ್ಲಿ ಚಿತ್ರ ಬರೆಯಬಲ್ಲ ಇಬ್ಬರಾದರೂ ಇರುತ್ತಾರೆ. ಅವರಿಂದಲೇ ಬರೆಸಿದರೆ ಉಳಿದವರು ಅದರಲ್ಲಿ ತಮ್ಮ ಊರನ್ನು ಗುರುತಿಸಿ ಮಾತಿಗೆ ತೊಡಗುತ್ತಾರೆ.

ಪದಪಟ್ಟಿಗಳು

ವಾಕ್ಯ ಕಟ್ಟಲು ಬಾರದ ತರಗತಿಗೆ ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ, ಹತ್ತು ಡ್ರಾಯಿಂಗ್ ಶೀಟು ಮತ್ತು ಎರಡು ಮಾರ್ಕರ್ ಪೆನ್ನಿನ ಖರ್ಚು 200 ರೂಪಾಯಿಯ ಆಸುಪಾಸು. ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ಹೇಳುತ್ತೇನೆ.

"ಅವಳು ಸಂತೆಗೆ ಹೋದಳು" ಎಂಬ ವಾಕ್ಯ ತೆಗೆದುಕೊಳ್ಳಿ. ಶಿ, ವೆಂಟ್, ಟು, ದಿ, ಮಾರ್ಕೆಟ್ ಎಂಬ ಐದು ಪಟ್ಟಿಗಳನ್ನು ಐವರು ಮಕ್ಕಳು ಎದೆಗೆ ಹಿಡಿದು ಮುಂದೆ ನಿಲ್ಲುತ್ತಾರೆ. ಕನ್ನಡದ ಕ್ರಮದಲ್ಲಿ ನಿಲ್ಲಿ ಎಂದರೆ ಶಿ, ಮಾರ್ಕೆಟ್, ಟು, ವೆಂಟ್ ಎಂದು ಸಾಲಾಗುತ್ತದೆ. ದಿ ಹಿಡಿದ ಹುಡುಗ ಮಾತ್ರ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಪಕ್ಕದಲ್ಲಿ ಉಳಿಯುತ್ತಾನೆ, ಏಕೆಂದರೆ ಕನ್ನಡದಲ್ಲಿ ಅವನಿಗೆ ಜಾಗವೇ ಇಲ್ಲ. ಈಗ ಇಂಗ್ಲಿಷಿನ ಕ್ರಮ. ಕೊನೆಯಲ್ಲಿದ್ದ ವೆಂಟ್ ನಡೆದು ಬಂದು ಎರಡನೆಯ ಸ್ಥಾನದಲ್ಲಿ ನಿಲ್ಲುತ್ತಾಳೆ. "ಸಂತೆ"ಯ ಬೆನ್ನಿಗಂಟಿದ್ದ "ಗೆ" ಪ್ರತ್ಯಯದ ಕೆಲಸ ಮಾಡುವ ಟು, ಮಾರ್ಕೆಟ್‌ನ ಹಿಂದಿನಿಂದ ಮುಂದಕ್ಕೆ ಬರುತ್ತಾನೆ. ದಿ ಇಬ್ಬರ ನಡುವೆ ನುಸುಳುತ್ತಾನೆ. ಇದನ್ನೇ ಪ್ರಶ್ನೆ ಮಾಡಬೇಕೆಂದಾಗ ಡಿಡ್ ಎಂಬ ಪಟ್ಟಿ ಓಡಿಬಂದು ಸಾಲಿನ ತಲೆಗೆ ನಿಲ್ಲುತ್ತದೆ, ಆ ಕ್ಷಣವೇ ವೆಂಟ್ ತನ್ನ ಪಟ್ಟಿಯನ್ನು ತಿರುಗಿಸಿ ಹಿಂಬದಿಯ ಗೋ ತೋರಿಸಬೇಕು. ಅವಳು ಮರೆತರೆ ಇಡೀ ತರಗತಿ "ತಿರುಗಿಸು, ತಿರುಗಿಸು" ಎಂದು ಕೂಗುತ್ತದೆ. ಡಿಡ್ ಬಂದ ಮೇಲೆ ಕ್ರಿಯಾಪದ ಮೂಲರೂಪಕ್ಕೆ ಹೋಗಬೇಕೆಂಬ ನಿಯಮವನ್ನು ನಾನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಆ ಕೂಗಿನಷ್ಟು ಅದು ಕೆಲಸ ಮಾಡಿರಲಿಲ್ಲ.

ತೊಂದರೆಗಳೂ ಇವೆ. ಗದ್ದಲವಾಗುತ್ತದೆ, ಪಕ್ಕದ ಕೋಣೆಯ ಗಣಿತ ಶಿಕ್ಷಕರು ಬಾಗಿಲಲ್ಲಿ ಮುಖ ತೋರಿಸಿ ಹೋಗುತ್ತಾರೆ. 70 ಮಕ್ಕಳ ತರಗತಿಯಲ್ಲಿ ಐವರು ಆಡಿದರೆ ಉಳಿದವರು ಪ್ರೇಕ್ಷಕರು. ಅದಕ್ಕಾಗಿ ಅದೇ ಪದಗಳನ್ನು ಸಣ್ಣ ಚೀಟಿಗಳಲ್ಲಿ ಬರೆದು ಗುಂಪಿಗೊಂದರಂತೆ ಹಂಚುವುದು ಒಳ್ಳೆಯದು. ಹಳೆಯ ಮದುವೆ ಕಾಗದಗಳ ಖಾಲಿ ಬೆನ್ನು ಚೀಟಿಗೆ ಹೇಳಿ ಮಾಡಿಸಿದಂತಿರುತ್ತದೆ, ಅವುಗಳ ಕವರ್‌ನಲ್ಲೇ ಒಂದೊಂದು ಸೆಟ್ ತುಂಬಿಡಬಹುದು. ಮೊದಲ ವರ್ಷ ತಯಾರಿಗೆ ವಾರವೇ ಹಿಡಿಯುತ್ತದೆ. ಜೋಪಾನ ಮಾಡಿದರೆ ಮುಂದಿನ ಎರಡು ಮೂರು ವರ್ಷ ಬಿಡುವು. ಪಠ್ಯಪುಸ್ತಕ ಬದಲಾದರೂ ವಾಕ್ಯದ ಕ್ರಮ ಬದಲಾಗದು, ಇದು ಇದರ ಇನ್ನೊಂದು ಲಾಭ.

ದಿನಬಳಕೆಯ ವಸ್ತುಗಳು

ಬಿಸ್ಕತ್ ಪೊಟ್ಟಣ, ಔಷಧಿಯ ಡಬ್ಬಿ, ಕೀಟನಾಶಕದ ಸೂಚನಾ ಚೀಟಿ, ಇವು ಬಿಟ್ಟಿ ಸಿಗುವ ಓದಿನ ಸಾಮಗ್ರಿ. "ಶೇಕ್ ವೆಲ್ ಬಿಫೋರ್ ಯೂಸ್", "ಕೀಪ್ ಇನ್ ಎ ಕೂಲ್ ಅಂಡ್ ಡ್ರೈ ಪ್ಲೇಸ್" ಎಂಬ ಸಾಲುಗಳಲ್ಲಿ ಕ್ರಿಯಾಪದ ವಾಕ್ಯದ ತಲೆಯಲ್ಲೇ ಇರುತ್ತದೆ, ಕನ್ನಡದಲ್ಲಿ ಅದೇ ಸೂಚನೆ "ಇಡಿ", "ಅಲುಗಾಡಿಸಿ" ಎಂದು ಕೊನೆಯಲ್ಲಿ ಬರುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಓದಲು ಹಿಂಜರಿಯುವ ಹುಡುಗನೂ ಮನೆಯಿಂದ ತಾನೇ ತಂದ ಚೀಟಿಯನ್ನು ಓದಲು ಮುಂದಾಗುತ್ತಾನೆ. ಕೀಟನಾಶಕದ ಖಾಲಿ ಡಬ್ಬಿಯನ್ನೇ ತರಬಾರದು, ಕಾಗದವನ್ನಷ್ಟೇ ತರಬೇಕು ಎಂದು ಮೊದಲೇ ಹೇಳಿಬಿಡಿ. ಇದರ ಮಿತಿಯೂ ಬೇಗ ಕಾಣುತ್ತದೆ: ನಾಲ್ಕು ಪೀರಿಯಡ್‌ಗಳಾಚೆ ಇದು ಎಳೆಯುವುದಿಲ್ಲ, ಭೂತಕಾಲವನ್ನಾಗಲಿ ಕಥನವನ್ನಾಗಲಿ ಪೊಟ್ಟಣದಿಂದ ಕಲಿಸಲಾಗದು.

ಧ್ವನಿ

ಕನ್ನಡದ ಮಕ್ಕಳಿಗೆ ಶಿಪ್ ಮತ್ತು ಶೀಪ್ ಬೇರೆ ಬೇರೆ ಎಂದು ಕಲಿಸಬೇಕಾಗಿಯೇ ಇಲ್ಲ. ಹ್ರಸ್ವ ದೀರ್ಘಗಳು ಅವರ ನಾಲಿಗೆಯಲ್ಲೇ ಇವೆ. ಹೀಗಿದ್ದೂ ಹೊರದೇಶಗಳಿಗೆ ತಯಾರಾದ ಉಚ್ಚಾರಣೆಯ ಅಭ್ಯಾಸಗಳು ಅಲ್ಲಿಂದಲೇ ಶುರುವಾಗುತ್ತವೆ. ನಮ್ಮ ಮಕ್ಕಳ ತೊಡಕುಗಳು ಬೇರೆ. ಪದದ ಕೊನೆಗೆ ಸ್ವರ ಸೇರಿಸಿ "ಬಸ್ಸು, ಬುಕ್ಕು" ಎನ್ನುವುದು, ಎಗ್ ಅನ್ನು "ಯೆಗ್ಗು" ಎನ್ನುವುದು, ಒಳಂಗಿಯ ವೆಸ್ಟ್ (vest), ಪಶ್ಚಿಮದ ವೆಸ್ಟ್ (west) ಎಂಬ ಎರಡು ಬೇರೆ ಪದಗಳಿಗೆ ನಮ್ಮಲ್ಲಿರುವುದು ಒಂದೇ "ವ"ಕಾರ ಎಂಬುದು, ಮತ್ತು ಭೂತಕಾಲದ ಕೊನೆಯ ಧ್ವನಿ. "ಲುಕ್ಟ್" ಎಂದು ಕೇಳಿಸಬೇಕಾದದ್ದನ್ನು ಅವರು "ಲುಕೆಡ್" ಎಂದು ಓದುತ್ತಾರೆ. ಆದ್ದರಿಂದ ಬೇರೆಯವರು ಸರಿಯಾಗಿ ಹೇಳಿದಾಗ ಅವರಿಗೆ ಅದು ಭೂತಕಾಲವೆಂದೇ ತಿಳಿಯುವುದಿಲ್ಲ.

ಇದಕ್ಕೆ ಬೇಕಾದದ್ದು ಕೇಳುವ ಅಭ್ಯಾಸ. ಆಕಾಶವಾಣಿಯ "ಕೇಳಿ ಕಲಿ" ಪಾಠಗಳನ್ನು ಶಾಲೆಯ ರೇಡಿಯೊ ಮುಂದೆ ಕೂತು ಕೇಳಿದವರಿಗೆ ಈ ಸಾಧನ ಹೊಸದಲ್ಲ. ಈಗ ಸುಮಾರು 2,000ದಿಂದ 2,500 ರೂಪಾಯಿಯ ಬ್ಲೂಟೂತ್ ಸ್ಪೀಕರ್ ಮತ್ತು ಶಿಕ್ಷಕರ ಫೋನ್ ಇದ್ದರೆ ಸಾಕು. ಒಂದು ನಿಮಿಷದ ಧ್ವನಿಯನ್ನು ಮೂರು ಸಲ ಕೇಳಿಸುವುದು: ಮೊದಲ ಸಲ ಪೆನ್ನು ಕೆಳಗಿಟ್ಟು, ಎರಡನೆಯ ಸಲ ಬೋರ್ಡಿನ ಮೇಲಿನ ಬಿಟ್ಟ ಸ್ಥಳಗಳನ್ನು ತುಂಬುತ್ತಾ, ಮೂರನೆಯ ಸಲ ಪಕ್ಕದವರೊಂದಿಗೆ ಹೋಲಿಸಿ ತಿದ್ದಿಕೊಳ್ಳುತ್ತಾ. 2017ರಲ್ಲಿ ಆರಂಭವಾದ, ಸರ್ಕಾರದ ಆನ್‌ಲೈನ್ ಪಾಠಗಳ ವೇದಿಕೆಯಾದ ದೀಕ್ಷಾದ ಸಾಮಗ್ರಿ ಪಠ್ಯಪುಸ್ತಕದಲ್ಲಿನ ಕ್ಯೂಆರ್ ಕೋಡ್ ಮೂಲಕ ಸಿಗುತ್ತದೆ. ಹಿಂದಿನ ರಾತ್ರಿಯೇ ಇಳಿಸಿಕೊಂಡಿರಬೇಕು, ತರಗತಿಯ ಮಧ್ಯದಲ್ಲಿ ಸಿಗ್ನಲ್ ಹುಡುಕುತ್ತಾ ಕಿಟಕಿಗೆ ಹೋಗುವಂತಾಗಬಾರದು. ಅದೂ ಹೊಂದದಿದ್ದರೆ ಪಕ್ಕದ ಶಾಲೆಯ ಗೆಳೆಯರಿಂದ ಒಂದು ಪ್ಯಾರಾ ಓದಿಸಿ ಮುದ್ರಿಸಿಕೊಳ್ಳಬಹುದು. ಪರಿಚಯವಿಲ್ಲದ, ಆದರೆ ನಮ್ಮ ಕಡೆಯದೇ ಆದ ದನಿಯನ್ನು ಮಕ್ಕಳು ಚೆನ್ನಾಗಿ ಹಿಡಿಯುತ್ತಾರೆ. 1963ರಲ್ಲಿ ಸ್ಥಾಪನೆಯಾದ, ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ತರಬೇತಿಗೆ ಹೋಗಿಬಂದ ಸಹೋದ್ಯೋಗಿ ಹತ್ತಿರದಲ್ಲಿದ್ದರೆ ಮೊದಲು ಅವರನ್ನು ಕೇಳಿ.

ತಗಡಿನ ಸೂರಿನ ಕೋಣೆಯಾದರೆ ಜುಲೈ ಮಳೆಯಲ್ಲಿ ಯಾವ ಸ್ಪೀಕರೂ ಕೇಳಿಸದು. ಕೇಳುವ ಕೌಶಲಕ್ಕೆ ಅಂತಿಮ ಲಿಖಿತ ಪರೀಕ್ಷೆಯಲ್ಲಿ ಅಂಕವಿಲ್ಲವೆಂಬ ಕಾರಣಕ್ಕೆ ಹತ್ತನೆಯ ತರಗತಿಯಲ್ಲಿ ಇದನ್ನು ಕೈಬಿಡುವವರಿದ್ದಾರೆ; ಅವರ ಒತ್ತಡ ನನಗೆ ಅರ್ಥವಾಗುತ್ತದೆ. ಎಂಟು ಮತ್ತು ಒಂಬತ್ತರಲ್ಲಿ ಕೈಬಿಡುವುದಕ್ಕೆ ಮಾತ್ರ ಯಾವ ಸಮಜಾಯಿಷಿಯೂ ಇಲ್ಲ.

ಪರದೆ

ಪರದೆಯ ಮೂಲಕ ಪಾಠ ಎಂಬ ಆಸೆ ನಮ್ಮ ರಾಜ್ಯದಲ್ಲಿ ಹಳೆಯದು. 2004ರಲ್ಲಿ ಇಸ್ರೋ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಪಾಠಗಳನ್ನು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಪ್ರಯೋಗಿಸಲಾಯಿತು; 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ "ಸಂವೇದ" ಪಾಠಗಳು ಪ್ರಸಾರವಾದವು. ಕೋಣೆಯಲ್ಲಿ ಯಾರೂ ಇಲ್ಲದಿದ್ದಾಗ ಪರದೆ ದೊಡ್ಡ ಆಸರೆ ಎಂಬುದನ್ನು ಆ ವರ್ಷ ಕಂಡಿದ್ದೇವೆ. ಶಿಕ್ಷಕರು ಕೋಣೆಯಲ್ಲೇ ಇರುವಾಗ ಅದೇ ಪರದೆ ಹೆಚ್ಚಿಗೆ ಏನನ್ನು ಕೊಡುತ್ತದೆ ಎಂಬುದು ಈಗಿನ ಪ್ರಶ್ನೆ.

ಸಾಧಾರಣ ಪ್ರೊಜೆಕ್ಟರ್‌ಗೆ 30,000 ರೂಪಾಯಿಯಿಂದ ಮೇಲಕ್ಕೆ ಬೇಕು. ಬೆರಳಿನಿಂದ ಬರೆಯುವ ದೊಡ್ಡ ಫಲಕಕ್ಕೆ ಲಕ್ಷ ದಾಟುತ್ತದೆ. ಇದರೊಂದಿಗೆ ಲ್ಯಾಪ್‌ಟಾಪ್, ಯುಪಿಎಸ್, ಕಿಟಕಿಗೆ ಪರದೆಬಟ್ಟೆ ಎಲ್ಲವೂ ಬರುತ್ತವೆ. ನಾನು ಹಿಂದೆ ಇದ್ದ ಶಾಲೆಯೊಂದರಲ್ಲಿ ದಾನಿಗಳು ಕೊಟ್ಟ ಪ್ರೊಜೆಕ್ಟರ್ ಎರಡು ವರ್ಷ ಚೆನ್ನಾಗಿ ನಡೆಯಿತು. ಯುಪಿಎಸ್ ಬ್ಯಾಟರಿ ಸತ್ತಾಗ ಹೊಸದಕ್ಕೆ ಯಾವ ಲೆಕ್ಕಶೀರ್ಷಿಕೆಯಲ್ಲಿ ಹಣ ಹಾಕಬೇಕೆಂಬ ಚರ್ಚೆ ಮುಗಿಯುವಷ್ಟರಲ್ಲಿ ನನಗೆ ವರ್ಗಾವಣೆಯಾಗಿತ್ತು. ಹೊರಡುವ ದಿನ ನೋಡಿದಾಗ ಅದರ ಮೇಲೆ ಹೊದಿಸಿದ ಟವೆಲ್ಲು ಧೂಳಿನಿಂದ ಬೂದುಬಣ್ಣಕ್ಕೆ ತಿರುಗಿತ್ತು.

ಇಷ್ಟಾದರೂ ಇದನ್ನು ಪೂರ್ತಿ ತಳ್ಳಿಹಾಕಲಾರೆ. ಕಡಲನ್ನೇ ಕಾಣದ ಮಕ್ಕಳಿಗೆ ಕಡಲಿನ ಪದ್ಯ ಕಲಿಸುವಾಗ ಎರಡು ನಿಮಿಷದ ದೃಶ್ಯ ಅರ್ಧ ಗಂಟೆಯ ವಿವರಣೆಯನ್ನು ಉಳಿಸುತ್ತದೆ. ಅದಕ್ಕಿಂತ ಒಳ್ಳೆಯ ಬಳಕೆ, ಧ್ವನಿಯನ್ನು ಆರಿಸಿ ದೃಶ್ಯ ತೋರಿಸಿ ಏನಾಗುತ್ತಿದೆಯೆಂದು ಮಕ್ಕಳಿಂದ ಹೇಳಿಸುವುದು. ಆಗ ಮೊದಲ ಅಳತೆಗೋಲಿಗೂ ಅದು ಒಗ್ಗುತ್ತದೆ. ಪಾಠದ ಕನ್ನಡ ಅನುವಾದವನ್ನು ಹೇಳುವ ವಿಡಿಯೊ ಹಾಕಿ ಶಿಕ್ಷಕರು ಉತ್ತರಪತ್ರಿಕೆ ತಿದ್ದುತ್ತಾ ಕೂರುವಂತಾದರೆ ಅಷ್ಟು ಹಣದ ಅಗತ್ಯವಿರಲಿಲ್ಲ. ಐದಾರು ವಿಷಯಗಳ ಶಿಕ್ಷಕರು ಹಂಚಿಕೊಳ್ಳುವುದಾದರೆ, ದುರಸ್ತಿಯ ಹಣ ಮೊದಲೇ ತೆಗೆದಿಟ್ಟಿದ್ದರೆ ಕೊಳ್ಳಬಹುದು. ಇಂಗ್ಲಿಷ್ ಒಂದಕ್ಕಾಗಿಯೇ ಕೊಳ್ಳುವ ವಸ್ತುವಲ್ಲ ಇದು. ಮಕ್ಕಳು ಹೆಡ್‌ಫೋನ್ ಹಾಕಿಕೊಂಡು ಕೇಳಿ ಮಾತನಾಡಿ ಕಲಿಯುವ ಭಾಷಾ ಪ್ರಯೋಗಾಲಯಕ್ಕೂ ಇದೇ ಮಾತನ್ನು ಎರಡು ಪಟ್ಟು ಗಟ್ಟಿಯಾಗಿ ಹೇಳಬೇಕು.

ಪುಸ್ತಕ ಮತ್ತು ಫೋನು

ಪಠ್ಯಪುಸ್ತಕದ ಗದ್ಯ ಬಹಳಷ್ಟು ಮಕ್ಕಳಿಗೆ ಕೈಗೆಟುಕದ ಎತ್ತರದಲ್ಲಿರುತ್ತದೆ. ಅವರಿಗೆ ಬೇಕಾದದ್ದು ತಾವೇ ಓದಿ ಮುಗಿಸಬಲ್ಲ, ಪುಟಕ್ಕೆ ನಾಲ್ಕೈದು ಸಾಲಿನ ಕಥೆ. ತೆಳುವಾದ ಸಚಿತ್ರ ಪುಸ್ತಕಗಳು ಸರಾಸರಿ 50-60 ರೂಪಾಯಿಗೆ ಸಿಗುತ್ತವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಓದಿನ ಮಟ್ಟದ ಪ್ರಕಾರ ವಿಂಗಡಿಸಿದ ಕಥೆಗಳನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು. ಒಂದೇ ಕಥೆ ಇಂಗ್ಲಿಷ್, ಕನ್ನಡ ಎರಡರಲ್ಲೂ ಸಿಗುವುದರಿಂದ ತೀರಾ ಹಿಂದುಳಿದ ಮಗು ಮೊದಲು ಕನ್ನಡದಲ್ಲಿ ಓದಿ ಆಮೇಲೆ ಇಂಗ್ಲಿಷಿಗೆ ಬರಬಹುದು. ಪುಟ್ಟ ಮಕ್ಕಳ ಕಥೆ ಎಂದು ಹದಿನಾಲ್ಕರ ಹುಡುಗರು ಮೂಗು ಮುರಿಯುವುದುಂಟು. "ನಿಮ್ಮ ತಂಗಿಗೆ ಓದಿ ಹೇಳಲು" ಎಂದು ಕೊಟ್ಟರೆ ಮುಜುಗರವಿಲ್ಲದೆ ಒಯ್ಯುತ್ತಾರೆ.

ಪುಸ್ತಕದ ಫಲ ನಿಧಾನ. ವಾರಕ್ಕೆ ಎರಡು ಸಲ ಹದಿನೈದು ನಿಮಿಷ ಮೌನ ಓದು ಇಟ್ಟರೂ ಮೊದಲ ಮೂರು ತಿಂಗಳು ಏನೂ ಕಾಣುವುದಿಲ್ಲ. ಹತ್ತನೆಯ ತರಗತಿಯ ಡಿಸೆಂಬರ್‌ನಲ್ಲಿ ಶುರುಮಾಡಿ ಏಪ್ರಿಲ್‌ನಲ್ಲಿ ಫಲಿತಾಂಶ ಕೇಳುವವರಿಗೆ ಇದು ದಾರಿಯಲ್ಲ. ನಿಘಂಟು ಕೊಳ್ಳುವುದಾದರೆ ಗ್ರಂಥಾಲಯಕ್ಕೆ ಒಂದು ದಪ್ಪ ಪ್ರತಿಗಿಂತ ಗುಂಪಿಗೊಂದರಂತೆ ಹತ್ತು ಸಣ್ಣ ಪ್ರತಿಗಳು ಮೇಲು. ಶಾಲೆಯಲ್ಲಿ ಜಾಗವಿಲ್ಲದವರು ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು ನೋಡಿಬರಲಿ. 2020ರಲ್ಲಿ ಆರಂಭವಾದ "ಓದುವ ಬೆಳಕು" ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ.

ಫೋನಿನ ಬಗ್ಗೆ ಸಂಕ್ಷಿಪ್ತವಾಗಿ. ಮನೆಯ ಒಂದೇ ಫೋನು ಅಪ್ಪನ ಜೇಬಿನಲ್ಲಿ ರಾತ್ರಿ ಎಂಟಕ್ಕೆ ಮನೆಗೆ ಬರುತ್ತದೆ ಎಂಬ ಸತ್ಯವನ್ನಿಟ್ಟುಕೊಂಡೇ ಮನೆಗೆಲಸ ಕೊಡಬೇಕು, ಕಡ್ಡಾಯ ಮಾಡಬಾರದು. ಆದರೂ ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯೊಬ್ಬಳು ವಾಟ್ಸ್‌ಆ್ಯಪ್‌ನಲ್ಲಿ ಮೂವತ್ತು ಸೆಕೆಂಡಿನ ಓದನ್ನು ಕಳುಹಿಸಿದ್ದಳು. ಹಿನ್ನೆಲೆಯಲ್ಲಿ ಕುಕ್ಕರ್ ಕೂಗುತ್ತಿತ್ತು, ನಡುವೆ ಎರಡು ಸಲ ತಪ್ಪಿ ತಾನೇ ತಿದ್ದಿಕೊಂಡಿದ್ದಳು. ಎದುರಿಗೆ ನಿಂತು ಅವಳು ಅಷ್ಟು ಓದುತ್ತಿರಲಿಲ್ಲ.

ಯಾರಿಗೆ ಯಾವುದು

ಕೈಯಲ್ಲಿ 500 ರೂಪಾಯಿ ಮಾತ್ರ ಇದ್ದರೆ ಎರಡನೆಯ ಯೋಚನೆಯೇ ಬೇಡ: ಪದಪಟ್ಟಿ, ಚೀಟಿ ಸೆಟ್ಟುಗಳು, ಮಕ್ಕಳೇ ಬರೆದ ಒಂದು ಚಿತ್ರದ ಚಾರ್ಟು. 5,000 ಇದ್ದರೆ ಅರ್ಧ ಸ್ಪೀಕರಿಗೆ, ಅರ್ಧ ಪುಸ್ತಕಕ್ಕೆ. ಎಂಟನೆಯ ತರಗತಿಯಲ್ಲಿ ಅಕ್ಷರ ಜೋಡಿಸಿ ಓದಲಾರದವರೇ ಹೆಚ್ಚಿದ್ದರೆ ಸ್ಪೀಕರನ್ನು ಮುಂದಕ್ಕೆ ಹಾಕಿ ಅಷ್ಟನ್ನೂ ಪುಸ್ತಕಕ್ಕೆ ಹಾಕುವುದು ಸರಿ. ಓದಬಲ್ಲರು ಆದರೆ ಮಾತು ಹೊರಡದು ಎಂಬಂತಿದ್ದರೆ ಸ್ಪೀಕರು ಮೊದಲು. ಹತ್ತನೆಯ ತರಗತಿಯವರಿಗೆ ಡಿಸೆಂಬರ್ ನಂತರ ಹೊಸ ಉಪಕರಣ ತರಬೇಡಿ. ಬೋರ್ಡು, ಚಿತ್ರ, ಪತ್ರಲೇಖನದ ಚೀಟಿಗಳು ಸಾಕು. 70 ಮಕ್ಕಳ ಒಂದೇ ಕೋಣೆಯಿದ್ದಲ್ಲಿ ಚೀಟಿ ಮತ್ತು ಪುಸ್ತಕಗಳೇ ನಡೆಯುತ್ತವೆ. ಮಧ್ಯಾಹ್ನ ಕರೆಂಟ್ ನೆಚ್ಚಿಕೊಳ್ಳಲಾಗದ ಊರಿನಲ್ಲಿ ಪ್ರೊಜೆಕ್ಟರ್ ಮಾತೇ ಎತ್ತಬೇಡಿ. ಲಕ್ಷದ ಮೇಲೆ ಕೊಡುವ ದಾನಿ ಸಿಕ್ಕರೆ ಐದನೆಯ ಒಂದು ಪಾಲನ್ನು ದುರಸ್ತಿಗೆಂದು ಬರೆಸಿಕೊಂಡೇ ಪರದೆಗೆ ಒಪ್ಪಿ.

25,000ದ ಗೆಳೆಯರಿಗೆ ನಾನು ಬರೆದುಕೊಟ್ಟ ಲೆಕ್ಕ ಹೀಗಿತ್ತು: ಸುಮಾರು 200 ಸಣ್ಣ ಪುಸ್ತಕಗಳಿಗೆ 11,000, ಹತ್ತು ನಿಘಂಟುಗಳಿಗೆ 3,000, ಸ್ಪೀಕರಿಗೆ 2,500, ಶೀಟು-ಮಾರ್ಕರ್-ಅಂಟಿಗೆ 1,500, ಬೀಗವಿಲ್ಲದ ತೆರೆದ ಕಬ್ಬಿಣದ ರ‍್ಯಾಕಿಗೆ 4,000. ಉಳಿದ 3,000ವನ್ನು ಹರಿದ ಪುಸ್ತಕಗಳ ಬದಲಿಗೆಂದು ಮುಂದಿನ ಜೂನ್‌ವರೆಗೆ ಇಟ್ಟುಕೊಳ್ಳಬೇಕು. ಎಸ್‌ಡಿಎಂಸಿಯಲ್ಲಿ ಒಬ್ಬರು "ದಾನಿಗಳ ಹೆಸರು ಎಲ್ಲಿ ಬರೆಸುವುದು? ಪ್ರೊಜೆಕ್ಟರ್ ಆಗಿದ್ದರೆ ಮೇಲೇ ಬರೆಸಬಹುದಿತ್ತು" ಎಂದರಂತೆ. ರ‍್ಯಾಕಿನ ಪಟ್ಟಿಯ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿದ್ದಾರೆ. ಪುಸ್ತಕ ತೆಗೆಯಲು ಹೋದವರಿಗೆಲ್ಲ ಕಾಣುತ್ತದೆ.